ಹೆಪಟೈಟಿಸ್ ಸಿ ಮಾತ್ರೆ ಶುರುವಾಗಿ ನಾಲ್ಕು ದಿನ, ಗ್ಯಾಸ್ ಮಾತ್ರೆ ವಿಷಯ ಡಾಕ್ಟರಿಗೆ ಹೇಳಿಲ್ಲ

ಲೆಕ್ಕದ ಟೀಚರ್

ಎಲ್ಲರಿಗೂ ನಮಸ್ಕಾರ. ನನಗೆ 61 ವರ್ಷ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಲೆಕ್ಕ ಹೇಳಿಕೊಟ್ಟು ಈಗ ಮನೆಯಲ್ಲಿದ್ದೇನೆ. ಎರಡು ತಿಂಗಳ ಹಿಂದೆ ಕಣ್ಣಿನ ಪೊರೆ ಆಪರೇಷನ್‌ಗೆ ಅಂತ ರಕ್ತ ಕೊಟ್ಟಾಗ ಹೆಪಟೈಟಿಸ್ ಸಿ, ಅಂದರೆ ಲಿವರ್‌ಗೆ ತಗಲುವ ವೈರಸ್ ಸೋಂಕು, ಇದೆ ಅಂತ ಬಂತು. ಜ್ವರ ಇಲ್ಲ, ಕಾಮಾಲೆ ಇಲ್ಲ. ಸ್ವಲ್ಪ ಸುಸ್ತು ಇತ್ತು, ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆದುಕೊಂಡಿದ್ದೆ.

ಮೊದಲು ಆಂಟಿಬಾಡಿ (ವೈರಸ್ ವಿರುದ್ಧ ದೇಹ ಮಾಡಿಕೊಳ್ಳೋದು) ಪಾಸಿಟಿವ್ ಅಂದರು. ಅದು ಸಾಲದು ಅಂತ, ರಕ್ತದಲ್ಲಿ ಈಗ ವೈರಸ್ ಇದೆಯಾ ಅಂತ ನೋಡುವ ಆರ್‌ಎನ್‌ಎ ಪರೀಕ್ಷೆ ಮಾಡಿಸಿದರು. ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ ಪ್ರಮಾಣ, ಸುಮಾರು 18 ಲಕ್ಷ. ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುವ ಫೈಬ್ರೋಸ್ಕ್ಯಾನ್ 11.2, ಪ್ಲೇಟ್‌ಲೆಟ್ 1,38,000. ಲಿವರ್ ಗಟ್ಟಿಯಾಗ್ತಾ ಬಂದಿದೆ, ತಡ ಮಾಡೋದು ಬೇಡ ಅಂತ ಡಾಕ್ಟರು ಮಾತ್ರೆ ಬರೆದರು. ಸೊಫೊಸ್ಬುವಿರ್ 400, ವೆಲ್ಪಟಾಸ್ವಿರ್ 100, ಎರಡೂ ಸೇರಿದ ಒಂದೇ ಮಾತ್ರೆ. ದಿನಕ್ಕೊಂದು, 12 ವಾರ.

ಈಗ ನನ್ನ ತಪ್ಪಿಗೆ ಬರ್ತೀನಿ. "ಬೇರೆ ಯಾವ ಮಾತ್ರೆ ತಗೊಳ್ತೀರಿ?" ಅಂತ ಅವರು ಕೇಳಿದರು. "ಬಿಪಿದು ಒಂದು" ಅಂದೆ. ನಾನು ಆರು ವರ್ಷದಿಂದ ಬೆಳಿಗ್ಗೆ ಹಲ್ಲುಜ್ಜಿದ ತಕ್ಷಣ ಪ್ಯಾಂಟೊಪ್ರಜೋಲ್ 40 ನುಂಗುತ್ತೇನೆ. ಯಾರೋ ಒಮ್ಮೆ ಎದೆ ಉರಿಗೆ ಬರೆದುಕೊಟ್ಟಿದ್ದು, ಹಾಗೇ ಮುಂದುವರೀತು. ಅದು ಔಷಧಿ ಅಂತ ನನಗೆ ಅನ್ನಿಸೋದೇ ಇಲ್ಲ! ಹಾಗಾಗಿ ಹೇಳಲಿಲ್ಲ. ಈ ನಾಲ್ಕು ದಿನವೂ ವೈರಸ್ ಮಾತ್ರೆಯನ್ನೂ ಅದರ ಜೊತೆಗೇ ನುಂಗಿದ್ದೇನೆ. ಎರಡೂ ಒಂದೇ ಲೋಟ ನೀರಿನಲ್ಲಿ.

ನಿನ್ನೆ ಸಾಯಂಕಾಲ ಡಬ್ಬಿಯೊಳಗಿನ ಚೀಟಿ ಬಿಡಿಸಿದೆ. ಆಪರೇಷನ್ ಆದಮೇಲೆ ಇಷ್ಟು ಸಣ್ಣ ಅಕ್ಷರ ಓದಿದ್ದು ಇದೇ ಮೊದಲು. ಅದರಲ್ಲಿ ಈ ಜಾತಿಯ ಗ್ಯಾಸ್ ಮಾತ್ರೆ ಜೊತೆ ತಗೊಳ್ಳಬಾರದು ಅನ್ನೋ ಥರ ಬರೆದಿದೆ. ರಾತ್ರಿ ನಿದ್ದೆ ಬರಲಿಲ್ಲ.

ನಾಲ್ಕು ಮಾತ್ರೆಯೂ ದಂಡವಾಯ್ತಾ? ನಿಲ್ಲಿಸಿ ಮೊದಲಿಂದ ಶುರು ಮಾಡಬೇಕಾ? ಡಾಕ್ಟರ ಭೇಟಿ ಇರೋದು ಮುಂದಿನ ವಾರ. ಇಷ್ಟಕ್ಕೆ ಫೋನ್ ಮಾಡಿದರೆ ಬೈತಾರಾ?

ಇನ್ನೊಂದು ಮಾತು. ನಾನು ಜೀವಮಾನದಲ್ಲಿ ಒಂದು ಹನಿ ಕುಡಿದವಳಲ್ಲ. ಲಿವರ್ ಕಾಯಿಲೆ ಅಂದ ತಕ್ಷಣ ನೆಂಟರು ಮುಖ ನೋಡೋ ರೀತಿ ಬದಲಾಗಿದೆ. 1988ರಲ್ಲಿ ದೊಡ್ಡ ಮಗ ಹುಟ್ಟಿದಾಗ ರಕ್ತಸ್ರಾವ ಜಾಸ್ತಿಯಾಗಿ ಎರಡು ಬಾಟಲಿ ರಕ್ತ ಹಾಕಿದ್ದರು. ಅದರಿಂದ ಬಂದಿರಬಹುದಾ?

ಎಂಬತ್ತನಾಲ್ಕು

ಮೇಡಂ, ಮೊದಲು ಈ ಕೆಲಸ ಮಾಡಿ. ವೈರಸ್ ಮಾತ್ರೆ ನಿಲ್ಲಿಸಬೇಡಿ. ಇವತ್ತೇ ಡಾಕ್ಟರಿಗೆ ಫೋನ್ ಮಾಡಿ. ಅವರು ಸಿಗದಿದ್ದರೆ ಅಲ್ಲಿಯ ನರ್ಸ್, ಅವರೂ ಸಿಗದಿದ್ದರೆ ಮಾತ್ರೆ ಕೊಟ್ಟ ಫಾರ್ಮಸಿಸ್ಟ್. ಯಾರೂ ಬೈಯೋದಿಲ್ಲ. ಬೈದರೂ ಬೈಸಿಕೊಳ್ಳಿ, ಅದು ಎರಡು ನಿಮಿಷದ ವಿಷಯ. ಮಿಕ್ಕಿದ್ದನ್ನು ಫೋನ್ ಇಟ್ಟಮೇಲೆ ಓದಿ.

ನನ್ನ ಹೆಸರು ನೋಡಿ ಗೊತ್ತಾಗಿರಬೇಕು. 28 ಮಾತ್ರೆಯ ಡಬ್ಬಿ ಮೂರು, ಒಟ್ಟು 84. ನಿಮ್ಮದೇ ಮಾತ್ರೆ. ಮುಗಿದು ಮೂರು ವರ್ಷವಾಯ್ತು. ನಾನು ಡಾಕ್ಟರ್ ಅಲ್ಲ, ವರ್ಕ್‌ಶಾಪಿನಲ್ಲಿ ಲೇತ್ ಮೇಲೆ ಕೆಲಸ ಮಾಡಿದವನು. ಆದರೆ ಆ ಚೀಟಿಯನ್ನು ನನ್ನಷ್ಟು ಸಲ ಓದಿದವರು ಕಡಿಮೆ.

ವೆಲ್ಪಟಾಸ್ವಿರ್ ಕರಗಬೇಕಾದರೆ ಹೊಟ್ಟೆಯಲ್ಲಿ ಆಮ್ಲ ಇರಬೇಕು. ಆ ಆಮ್ಲ ಕಡಿಮೆ ಮಾಡೋದೇ ನಿಮ್ಮ ಗ್ಯಾಸ್ ಮಾತ್ರೆಯ ಕೆಲಸ. ಹಾಗಾಗಿ ಮಾತ್ರೆ ಹೊಟ್ಟೆಗೆ ಹೋದರೂ ರಕ್ತಕ್ಕೆ ಸೇರೋದು ಕಡಿಮೆಯಾಗುತ್ತದೆ. ಸೊಫೊಸ್ಬುವಿರ್‌ಗೆ ಈ ತೊಂದರೆ ಇಲ್ಲ, ಅದು ಸೇರಿರುತ್ತದೆ. ಅಂದಮೇಲೆ ನಾಲ್ಕು ದಿನ ಪೂರ್ತಿ ದಂಡ ಅಲ್ಲ. ಆದರೆ ಹೀಗೇ ನಾಲ್ಕು ವಾರ ಮಾಡಿದ್ದರೆ ಕಷ್ಟವಿತ್ತು. ಔಷಧಿ ಅರೆಬರೆ ಸಿಕ್ಕರೆ ವೈರಸ್ ಅದಕ್ಕೆ ಒಗ್ಗಿಕೊಳ್ಳುವ ಅಪಾಯ ಇದೆ. ಗ್ಯಾಸ್ ಮಾತ್ರೆ ಬಿಟ್ಟಿರೋಕೆ ಆಗೋದೇ ಇಲ್ಲ ಅನ್ನುವವರಿಗೂ ಒಂದು ದಾರಿ ಇದೆ. ವೈರಸ್ ಮಾತ್ರೆಯನ್ನು ಊಟದ ಜೊತೆ ತಗೊಂಡು, ನಾಲ್ಕು ಗಂಟೆ ಬಿಟ್ಟು ಗ್ಯಾಸ್ ಮಾತ್ರೆ, ಅದೂ ಕಡಿಮೆ ಡೋಸ್. ನಿಮಗೆ ಯಾವುದು ಸರಿ ಅಂತ ಡಾಕ್ಟರೇ ಹೇಳಬೇಕು. ಹಿಂದೆ ಅಲ್ಸರ್ ಆಗಿದ್ದರೆ ಗ್ಯಾಸ್ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ.

ನೆಂಟರಿಗೆ ಇದನ್ನು ಹೇಳಿ. 1988ರಲ್ಲಿ ಈ ವೈರಸ್‌ಗೆ ಹೆಸರೇ ಇರಲಿಲ್ಲ. ಇದನ್ನು ಪತ್ತೆ ಮಾಡಿದ್ದು 1989ರಲ್ಲಿ. ಪತ್ತೆ ಮಾಡಿದವರಿಗೆ 2020ರಲ್ಲಿ ನೊಬೆಲ್ ಬಂತು. ನಿಮಗೆ ಹಾಕಿದ ಬಾಟಲಿಯನ್ನು ಪರೀಕ್ಷೆ ಮಾಡಲು ಆಗ ಯಾರ ಹತ್ತಿರವೂ ಏನೂ ಇರಲಿಲ್ಲ. ರಕ್ತದಿಂದಲೇ ಅಂತ ಖಚಿತವಾಗಿ ಹೇಳೋಕೆ ಆಗಲ್ಲ, ಆದರೆ ನಿಮ್ಮ ವಯಸ್ಸಿನವರಲ್ಲಿ ಬಹಳ ಜನರ ಕಥೆ ಇದೇ. ನನಗೆ ಹೇಗೆ ಬಂತೋ ಇವತ್ತಿಗೂ ಗೊತ್ತಿಲ್ಲ. ಹುಡುಕೋದನ್ನು ಬಿಟ್ಟಿದ್ದೇನೆ.

ಈಗ ನನ್ನ ಪುರಾಣ. ನನಗೆ ಮಾತ್ರೆ ಶುರು ಮಾಡುವ ಮುಂಚೆ ಡಾಕ್ಟರು ಒಂದು ವಾರ ಕಾಯಿಸಿದರು. ಹೆಪಟೈಟಿಸ್ ಬಿ ಪರೀಕ್ಷೆ ಬರಲಿ ಅಂತ. ನನಗೆ ಸಿಟ್ಟು. ಸಿ ಇದೆ ಅಂತ ಗೊತ್ತಾಗಿದೆಯಲ್ಲ, ಬಿ ಯಾಕೆ ಹುಡುಕ್ತೀರಿ ಅಂತ ಜಗಳಕ್ಕೇ ನಿಂತಿದ್ದೆ. ಆಮೇಲೆ ಗೊತ್ತಾಯಿತು. ಎರಡೂ ವೈರಸ್ ಇರುವವರಲ್ಲಿ ಸಾಮಾನ್ಯವಾಗಿ ಸಿ ಜೋರು, ಬಿ ಮೂಲೆಯಲ್ಲಿ ಮಲಗಿರುತ್ತದೆ. ಮಾತ್ರೆ ಕೊಟ್ಟು ಸಿ ಓಡಿಸಿದ ಕೂಡಲೇ ಬಿ ಎದ್ದು ಕೂರಬಹುದು. ಹೀಗಾಗಿ ಲಿವರ್ ಕೈಕೊಟ್ಟು ಸತ್ತವರೂ ಇದ್ದಾರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ಈ ಎಲ್ಲ ಮಾತ್ರೆಗಳ ಚೀಟಿಯಲ್ಲೂ ಇದನ್ನು ಚೌಕಟ್ಟು ಹಾಕಿ ಬರೆಯಿಸಿತು. ಬಿ ಪರೀಕ್ಷೆಯಲ್ಲಿ ಎರಡು ಭಾಗ: ಸರ್ಫೇಸ್ ಆಂಟಿಜೆನ್ ಅಂದರೆ ಈಗ ಬಿ ಇದೆಯಾ ಅಂತ, ಕೋರ್ ಆಂಟಿಬಾಡಿ ಅಂದರೆ ಯಾವಾಗಲಾದರೂ ತಗಲಿತ್ತಾ ಅಂತ. ನನ್ನ ರಿಪೋರ್ಟಿನಲ್ಲಿ ಮೊದಲನೆಯದು ನೆಗೆಟಿವ್, ಎರಡನೆಯದು ಪಾಸಿಟಿವ್. ಯಾವಾಗಲೋ ಬಂದು ಹೋಗಿದೆ ಅಂತ ಅರ್ಥ. ಅದಕ್ಕೆ ಬೇರೆ ಔಷಧಿ ಕೊಡಲಿಲ್ಲ, ಆದರೆ ತಿಂಗಳಿಗೊಮ್ಮೆ ಲಿವರ್ ಎಂಜೈಮ್ ನೋಡಿದರು. ನಿಮ್ಮ ಫೈಲಿನಲ್ಲಿ ಈ ಎರಡು ಪರೀಕ್ಷೆ ಇದೆಯಾ, ದಯವಿಟ್ಟು ಹುಡುಕಿ.

ಎರಡನೆಯದು ನನ್ನ ಸಕ್ಕರೆ. ಹದಿನೈದು ವರ್ಷದ ಡಯಾಬಿಟಿಸ್, ಗ್ಲಿಮೆಪಿರೈಡ್ 2 ತಗೊಳ್ಳುತ್ತಿದ್ದೆ. ಅದನ್ನು ಡಾಕ್ಟರಿಗೆ ಹೇಳಿದ್ದೆ. ಸಕ್ಕರೆ ಆಗಾಗ ನೋಡ್ಕೊಳ್ಳಿ ಅಂತ ಅವರೂ ಹೇಳಿದ್ದರು. ನಾನು ನೋಡಲಿಲ್ಲ. ಐದನೇ ವಾರ, ರಾತ್ರಿ ಎರಡು ಗಂಟೆಗೆ ಎಚ್ಚರವಾಯಿತು. ಬನಿಯನ್ ಒದ್ದೆ, ಕೈ ನಡುಕ, ಎದೆ ಡವಡವ. ವೈರಸ್ ಮಾತ್ರೆ ಮೈಗೆ ಹಿಡಿಸಲಿಲ್ಲ, ಮುಗೀತು ಕಥೆ ಅಂದುಕೊಂಡೆ. ನನ್ನವಳು ಮೀಟರ್ ತಂದು ಬೆರಳು ಚುಚ್ಚಿದಳು. 58! ಸಕ್ಕರೆ ನೀರು ಕುಡಿದು ಕಾಲು ಗಂಟೆಯಲ್ಲಿ ಸರಿಹೋದೆ. ವೈರಸ್ ಕಮ್ಮಿಯಾಗುತ್ತಾ ಬಂದ ಹಾಗೆ ದೇಹ ಇನ್ಸುಲಿನ್‌ಗೆ ಚೆನ್ನಾಗಿ ಸ್ಪಂದಿಸುತ್ತದೆಯಂತೆ. ಆಗ ಹಳೇ ಡೋಸೇ ಜಾಸ್ತಿಯಾಗುತ್ತದೆ. ಮರುದಿನ 2 ಇದ್ದದ್ದು 1 ಆಯಿತು. ಮೀಟರ್ ಕಪಾಟಿನಿಂದ ಟೇಬಲ್ ಮೇಲೆ ಬಂತು.

ವೈರಸ್ ಮಾತ್ರೆಯಿಂದ ನನಗಾದದ್ದು ಮೊದಲ ಹತ್ತು ದಿನ ತಲೆನೋವು, ಅಷ್ಟೇ. ತಲೆನೋವಿಗೂ ಕೈಗೆ ಸಿಕ್ಕ ನೋವಿನ ಮಾತ್ರೆ ನುಂಗಬೇಡಿ, ಯಾವುದು, ಎಷ್ಟು ಅಂತ ಕೇಳಿಕೊಳ್ಳಿ.

ನೀವು ಲೆಕ್ಕದ ಟೀಚರ್, ನಿಮಗೆ ಇಷ್ಟವಾಗಬಹುದು. ನೋಟ್‌ಬುಕ್ಕಿನಲ್ಲಿ 12 ಸಾಲು, 7 ಮನೆ ಗೀಟು ಹಾಕಿ. ದಿನಾ ಮಾತ್ರೆ ನುಂಗಿದಮೇಲೆ ಒಂದು ಮನೆಗೆ ಅಡ್ಡಗೆರೆ. ನುಂಗಿದಮೇಲೆ, ಮುಂಚೆ ಅಲ್ಲ. ನಾನು ಒಂದು ದಿನ ಮೊದಲೇ ಗೆರೆ ಹಾಕಿ, ಫೋನ್ ಬಂತು ಅಂತ ಎದ್ದು ಹೋಗಿ, ಮಾತ್ರೆ ಮರೆತೆ. ರಾತ್ರಿ 9ರದ್ದು ಬೆಳಿಗ್ಗೆ 8ಕ್ಕೆ ಟೇಬಲ್ ಮೇಲೇ ಕಂಡಿತು. 18 ಗಂಟೆಯೊಳಗೆ ನೆನಪಾದರೆ ಕೂಡಲೇ ತಗೊಳ್ಳಿ, ಮುಂದಿನದು ಎಂದಿನ ಹೊತ್ತಿಗೆ ಅಂತ ಚೀಟಿಯಲ್ಲಿತ್ತು. 18 ದಾಟಿದ್ದರೆ ಅದನ್ನು ಬಿಟ್ಟು ಮುಂದಿನದು ಮಾತ್ರ. ಯಾವ ಕಾರಣಕ್ಕೂ ಎರಡು ಒಟ್ಟಿಗೆ ಬೇಡ. ನುಂಗಿ ಮೂರು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ತಗೊಳ್ಳಬೇಕು ಅಂತಲೂ ಇತ್ತು. ಆ ಪ್ರಸಂಗ ನನಗೆ ಬರಲಿಲ್ಲ.

ಹಸಿರೆಲೆ

ಇಷ್ಟೊಂದು ರಾಸಾಯನಿಕ ಯಾಕೆ? ಲಿವರ್‌ಗೆ ಗಿಡಮೂಲಿಕೆ ಸಿರಪ್ ಇದೆ, ಯಾವ ತೊಂದರೆಯೂ ಇಲ್ಲ. ಮಾತ್ರೆ ಜೊತೆಗೇ ತಗೊಂಡರೆ ಬೇಗ ಗುಣ. ನಮ್ಮ ಮನೆಯಲ್ಲಿ ಎಲ್ಲರೂ ಕುಡೀತೇವೆ.

ಔಷಧಿ ಅಂಗಡಿ ಹುಡುಗ

ಹಸಿರೆಲೆಯವರೇ, ಬೇಡ. ಸೇಂಟ್ ಜಾನ್ಸ್ ವರ್ಟ್ ಅನ್ನೋದೂ ಗಿಡಮೂಲಿಕೆಯೇ. ಅದು ಈ ಮಾತ್ರೆಯ ಶಕ್ತಿಯನ್ನೇ ಇಳಿಸುತ್ತದೆ. ಒಳಗೆ ಏನಿದೆ ಅಂತ ಪೂರ್ತಿ ಗೊತ್ತಿಲ್ಲದ ಸಿರಪ್ ಮೂರು ತಿಂಗಳು ದೂರ ಇರಲಿ.

ಟೀಚರ್, ನಾನು ಫಾರ್ಮಸಿಸ್ಟ್. ಎಂಬತ್ತನಾಲ್ಕು ಅಣ್ಣ ಹೇಳಿದ್ದು ಸರಿಯಾಗಿದೆ. ನನ್ನದೊಂದು ಕೆಲಸ ಮಾಡಿ. ಒಂದು ಕೈಚೀಲ ತಗೊಂಡು ಮನೆಯೆಲ್ಲಾ ಸುತ್ತಿ. ಫ್ರಿಜ್ ಮೇಲಿರೋದು, ಹಾಸಿಗೆ ಪಕ್ಕದ್ದು, ಪರ್ಸಿನಲ್ಲಿರೋದು. ಹಾಳೆ, ಬಾಟಲಿ, ಪೌಡರ್ ಎಲ್ಲಾ ಚೀಲಕ್ಕೆ ಹಾಕಿ. ಆಮೇಲೆ ಹೆಸರು ಓದಿ ಇಲ್ಲಿ ಬರೆಯಿರಿ. "ಏನು ತಗೊಳ್ತೀರಿ" ಅಂತ ಕೇಳಿದರೆ ಜನ ಕಾಯಿಲೆಗೆ ತಗೊಳ್ಳೋದನ್ನು ಮಾತ್ರ ಹೇಳ್ತಾರೆ. ಅಭ್ಯಾಸಕ್ಕೆ ತಗೊಳ್ಳೋದು ಬಾಯಿಗೆ ಬರೋದೇ ಇಲ್ಲ. ನಿಮ್ಮ ತಪ್ಪಲ್ಲ, ನಮ್ಮ ಕೌಂಟರ್ ಮುಂದೆ ದಿನಾ ನೋಡ್ತೀನಿ.

ನಾನು ಹುಡುಕೋದು ಮುಖ್ಯವಾಗಿ ಇವನ್ನು. ಎದೆ ಬಡಿತಕ್ಕೆ ಕೊಡುವ ಅಮಿಯೊಡರೋನ್. ಸೊಫೊಸ್ಬುವಿರ್ ಜೊತೆ ಸೇರಿದರೆ ಬಡಿತ ಅಪಾಯಕ್ಕೆ ಇಳಿಯಬಹುದು. ಅದನ್ನು ನಿಲ್ಲಿಸಿದಮೇಲೂ ಮೈಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಹಾಗಾಗಿ "ಈಗ ತಗೊಳ್ತಿಲ್ಲ" ಅಂದರೂ ಸಾಲದು. ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್, ಫೆನಿಟೋಯಿನ್. ಟಿಬಿಗೆ ಕೊಡುವ ರಿಫಾಂಪಿಸಿನ್. ಇವು ವೈರಸ್ ಮಾತ್ರೆಯನ್ನು ಕೆಲಸ ಮಾಡೋಕೆ ಬಿಡಲ್ಲ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಇದ್ದರೆ ಐಎನ್ಆರ್ (ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಅನ್ನೋ ಪರೀಕ್ಷೆ) ಹೆಚ್ಚು ಸಲ ನೋಡಬೇಕು. ಲಿವರ್‌ಪೂಲ್ ವಿಶ್ವವಿದ್ಯಾಲಯದವರು ಹೆಪಟೈಟಿಸ್ ಮಾತ್ರೆಗೆ ಅಂತಲೇ ಒಂದು ತಾಣ ನಡೆಸ್ತಾರೆ, ದುಡ್ಡಿಲ್ಲ. ಎರಡು ಔಷಧಿ ಹೆಸರು ಹಾಕಿದರೆ ಹಸಿರು, ಹಳದಿ, ಕೆಂಪು ಅಂತ ತೋರಿಸುತ್ತದೆ. ನಾನೂ ಅದನ್ನೇ ನೋಡೋದು.

ಲೆಕ್ಕದ ಟೀಚರ್

ಫೋನ್ ಮಾಡಿದೆ ಸರ್. ಡಾಕ್ಟರು ಆಪರೇಷನ್‌ನಲ್ಲಿದ್ದಾರಂತೆ, ಸಂಜೆ ಮಾತಾಡ್ತಾರಂತೆ. ನರ್ಸ್ ಹೇಳಿದ್ದು: ನಾಳೆ ಬೆಳಿಗ್ಗೆ ವೈರಸ್ ಮಾತ್ರೆ ತಿಂಡಿ ಜೊತೆ ತಗೊಳ್ಳಿ, ಗ್ಯಾಸ್ ಮಾತ್ರೆ ಡಾಕ್ಟರು ಹೇಳೋವರೆಗೆ ಮುಟ್ಟಬೇಡಿ.

ಕೈಚೀಲ ತುಂಬಿಸಿದೆ, ತಮ್ಮಾ. ಬಿಪಿಗೆ ಟೆಲ್ಮಿಸಾರ್ಟನ್ 40. ಪ್ಯಾಂಟೊಪ್ರಜೋಲ್. ಗುಲಾಬಿ ಬಣ್ಣದ ಆಂಟಾಸಿಡ್ ಬಾಟಲಿ, ಅರ್ಧ ಖಾಲಿ. ಮಂಡಿ ನೋವಿಗೆ ಡೈಕ್ಲೋಫೆನಾಕ್, ಯಾವಾಗಲಾದರೂ ಒಂದು. ಹಾಸಿಗೆ ಪಕ್ಕದ ಡ್ರಾದಲ್ಲಿ ರೋಸುವಾಸ್ಟಾಟಿನ್ 20 ಸಿಕ್ಕಿತು. ಕೊಲೆಸ್ಟ್ರಾಲ್‌ದು, ದಿನಾ ರಾತ್ರಿ ತಗೊಳ್ತೀನಿ. ಇದನ್ನೂ ಹೇಳಿರಲಿಲ್ಲ! ಮಕ್ಕಳು ಹೋಂವರ್ಕ್‌ನಲ್ಲಿ ಒಂದು ಸಾಲು ಬಿಟ್ಟರೆ ಎಷ್ಟು ಬೈದಿದ್ದೇನೆ ಅಂತ ನೆನಪಾಗಿ ನಗು ಬಂತು.

ಔಷಧಿ ಅಂಗಡಿ ಹುಡುಗ

ರೋಸುವಾಸ್ಟಾಟಿನ್ ವಿಷಯ ಇವತ್ತು ಸಂಜೆಯೇ ಹೇಳಿ ಟೀಚರ್, ಮರೀಬೇಡಿ. ವೆಲ್ಪಟಾಸ್ವಿರ್ ಜೊತೆ ಇದ್ದಾಗ ರಕ್ತದಲ್ಲಿ ಅದರ ಪ್ರಮಾಣ ಏರುತ್ತದೆ. ಅದಕ್ಕೇ ದಿನಕ್ಕೆ 10 ದಾಟಬಾರದು ಅಂತ ಇರೋದು. ನೀವು 20ರಲ್ಲಿದ್ದೀರಿ. ಮೈಕೈ ಸ್ನಾಯು ವಿಪರೀತ ನೋಯೋದು, ಮೂತ್ರ ಕಪ್ಪಗಾಗೋದು ಕಂಡರೆ ಕಾಯಬೇಡಿ.

ಆಂಟಾಸಿಡ್ ಬಾಟಲಿಗೂ ವೈರಸ್ ಮಾತ್ರೆಗೂ ನಾಲ್ಕು ಗಂಟೆ ಅಂತರ ಬೇಕು. ಡೈಕ್ಲೋಫೆನಾಕ್ ನಿಮ್ಮ ಲಿವರ್‌ಗೆ ಒಳ್ಳೇದಲ್ಲ, ಮಂಡಿಗೆ ಬೇರೆ ದಾರಿ ಕೇಳಿ. ಟೆಲ್ಮಿಸಾರ್ಟನ್ ಬಗ್ಗೆ ಡಾಕ್ಟರಿಗೆ ಗೊತ್ತೇ ಇದೆ.

ಮಾವನ ಸೊಸೆ

ನಾನೂ ಸ್ವಲ್ಪ ಹೇಳ್ತೀನಿ, ಯಾಕೆಂದರೆ ಇಲ್ಲಿ ಓದುವವರು "ಎಲ್ಲರಿಗೂ ಒಂದೇ ಮಾತ್ರೆ" ಅಂದುಕೊಂಡಾರು.

ನಮ್ಮ ಮಾವನವರಿಗೆ ಹೆಪಟೈಟಿಸ್ ಸಿ ಇದೆ ಅಂತ ಗೊತ್ತಾಗುವಷ್ಟರಲ್ಲಿ ಸಿರೋಸಿಸ್ ಆಗಿತ್ತು, ಅಂದರೆ ಲಿವರ್ ಗಾಯದ ಕಲೆಯಿಂದ ಗಟ್ಟಿಯಾಗಿ ಹೋಗಿತ್ತು. ಹೊಟ್ಟೆಯಲ್ಲಿ ನೀರು, ಕಾಲಿನಲ್ಲಿ ಬಾವು. ಮೊದಲು ತೋರಿಸಿದ ಕಡೆ ಗ್ಲೆಕಾಪ್ರೆವಿರ್, ಪಿಬ್ರೆಂಟಾಸ್ವಿರ್ ಸೇರಿದ ಮಾತ್ರೆ ಬರೆದುಕೊಟ್ಟರು. ದಿನಕ್ಕೆ ಮೂರು, ಎಂಟೇ ವಾರ ಅಂದಾಗ ನಮಗೂ ಖುಷಿ. ಲಿವರ್ ಚೆನ್ನಾಗಿರುವವರಿಗೆ ಅದು ಒಳ್ಳೆಯ ಔಷಧಿಯೇ. ಆದರೆ ಹೊಟ್ಟೆಯಲ್ಲಿ ನೀರು ತುಂಬಿದ ಹಂತದಲ್ಲಿ ಅದನ್ನು ಕೊಡುವಂತಿಲ್ಲ. ಔಷಧಿ ಕೊಳ್ಳಲು ಹೋದಾಗ ಅಲ್ಲಿದ್ದವರು ಮಾವನವರ ಹೊಟ್ಟೆ ನೋಡಿ, ಒಂದು ಸಲ ಲಿವರ್ ಸ್ಪೆಷಲಿಸ್ಟ್ ಹತ್ತಿರ ಕೇಳಿ ಬನ್ನಿ ಅಂದರು. ಅವರನ್ನು ನಾವು ಇವತ್ತಿಗೂ ನೆನೆಸಿಕೊಳ್ತೇವೆ.

ಸ್ಪೆಷಲಿಸ್ಟ್ ನಿಮ್ಮ ಮಾತ್ರೆಯನ್ನೇ ಕೊಟ್ಟು ಜೊತೆಗೆ ರಿಬಾವಿರಿನ್ ಸೇರಿಸಿದರು, 12 ವಾರ. ರಿಬಾವಿರಿನ್ ರಕ್ತ ಇಳಿಸುತ್ತದೆ. ಹಿಮೋಗ್ಲೋಬಿನ್ 12.8 ಇದ್ದದ್ದು ನಾಲ್ಕನೇ ವಾರಕ್ಕೆ 9.6 ಆಯಿತು. ಮೆಟ್ಟಿಲು ಹತ್ತಿದರೆ ಏದುಸಿರು. ಡೋಸ್ ಕಡಿಮೆ ಮಾಡಿದರು. ಆಗ ನಾನು ನಾಲ್ಕು ತಿಂಗಳ ಬಸುರಿ. ರಿಬಾವಿರಿನ್ ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ, ಡಬ್ಬಿ ಮುಟ್ಟಬೇಡಿ ಅಂತ ನರ್ಸ್ ನನ್ನನ್ನೇ ಕರೆದು ಹೇಳಿದರು. ಅಲ್ಲಿಯವರೆಗೆ ಮಾವನವರ ಮಾತ್ರೆಯೆಲ್ಲಾ ನಾನೇ ಕೊಡ್ತಿದ್ದದ್ದು. ಆಮೇಲೆ ನಮ್ಮೆಜಮಾನರು ಕಲಿತರು, ಎರಡು ವಾರ ದಿನಾ ನನ್ನನ್ನು ಕೂಗಿ ಕೇಳುತ್ತಾ. ರಿಬಾವಿರಿನ್ ತಗೊಳ್ಳೋರು ಗಂಡಸಾಗಲಿ ಹೆಂಗಸಾಗಲಿ, ಮುಗಿದಮೇಲೂ ತಿಂಗಳುಗಟ್ಟಲೆ ಗರ್ಭ ನಿಲ್ಲದ ಹಾಗೆ ನೋಡಿಕೊಳ್ಳಬೇಕು. ಎಷ್ಟು ತಿಂಗಳು ಅಂತ ಬರೆಸಿಕೊಂಡೇ ಬನ್ನಿ.

ಮಾವನವರ ವೈರಸ್ ಹೋಯಿತು. ಸಿರೋಸಿಸ್ ಉಳಿದಿದೆ. ಆರು ತಿಂಗಳಿಗೊಮ್ಮೆ ಹೊಟ್ಟೆ ಸ್ಕ್ಯಾನ್ ತಪ್ಪಿಸುವಂತಿಲ್ಲ, ಲಿವರ್ ಕ್ಯಾನ್ಸರ್ ಭಯ ಪೂರ್ತಿ ಹೋಗಿಲ್ಲ. "ವಾಸಿಯಾಗಿದೆ ಅಂದ್ರಲ್ಲ, ಮತ್ತೆ ಯಾಕೆ" ಅಂತ ಪ್ರತಿ ಸಲ ಅವರ ಗೊಣಗಾಟ. ಪ್ರತಿ ಸಲ ಕರೆದುಕೊಂಡು ಹೋಗ್ತೇವೆ. ನಿಮ್ಮ ಫೈಬ್ರೋಸ್ಕ್ಯಾನ್ 11.2 ಸಿರೋಸಿಸ್ ಗಡಿಯ ಹತ್ತಿರ ಇದೆ ಮೇಡಂ. ಮುಗಿದಮೇಲೂ ನಿಮಗೆ ಸ್ಕ್ಯಾನ್ ಬೇಕಾ ಅಂತ ಈಗಲೇ ಕೇಳಿಟ್ಟುಕೊಳ್ಳಿ.

ಎಂಬತ್ತನಾಲ್ಕು

ಸೊಸೆಯವರ ಮಾತು ಎಲ್ಲರೂ ಎರಡು ಸಲ ಓದಬೇಕು.

ಮೇಡಂ, ಇನ್ನೊಂದು ಮರೆತಿದ್ದೆ. 84ನೇ ಮಾತ್ರೆ ಮುಗಿದ ದಿನ ಪರೀಕ್ಷೆ ಮಾಡಿಸಿದರೆ ವೈರಸ್ ಕಾಣೋದಿಲ್ಲ. ನನಗೂ ಕಾಣಲಿಲ್ಲ, ಮನೆಯಲ್ಲಿ ಹಬ್ಬದ ಥರ ಆಯಿತು. ಆದರೆ ಲೆಕ್ಕಕ್ಕೆ ಬರೋದು ಅದಲ್ಲ. ಮುಗಿದು 12 ವಾರ ಆದಮೇಲೆ ಮಾಡುವ ಆರ್‌ಎನ್‌ಎ ಪರೀಕ್ಷೆ. ಅದರಲ್ಲಿ ಇಲ್ಲ ಅಂದರೆ ವಾಸಿಯಾಯಿತು ಅಂತ. ನೂರರಲ್ಲಿ 95ಕ್ಕಿಂತ ಜಾಸ್ತಿ ಜನಕ್ಕೆ ವಾಸಿಯಾಗುತ್ತದೆ. ಹಿಂದೆ ಇಂಟರ್‌ಫೆರಾನ್ ಇಂಜೆಕ್ಷನ್ ಇದ್ದ ಕಾಲದಲ್ಲಿ 48 ವಾರ ಚುಚ್ಚಿಸಿಕೊಂಡು, ಜ್ವರದಲ್ಲಿ ನರಳಿ, ಕೊನೆಗೆ ಅರ್ಧ ಜನಕ್ಕೆ ಬರಿಗೈ. ನಾವು ಪುಣ್ಯವಂತರು, ಅಲ್ವಾ?

ಮತ್ತೆ ಆಂಟಿಬಾಡಿ. ಅದು ವಾಸಿಯಾದಮೇಲೂ ಪಾಸಿಟಿವ್ ಆಗಿಯೇ ಉಳಿಯುತ್ತದೆ. ಹೋದ ವರ್ಷ ಹರ್ನಿಯಾ ಆಪರೇಷನ್‌ಗೆ ಹೋದಾಗ ಒಂದು ಲ್ಯಾಬಿನ ಹುಡುಗ ಕಾರಿಡಾರಿನಲ್ಲಿ ನಾಲ್ಕು ಜನರ ಮುಂದೆ "ನಿಮಗೆ ಹೆಪಟೈಟಿಸ್ ಸಿ ಇದೆ ಗೊತ್ತಾ" ಅಂದ. ಕಾಲಿನ ಕೆಳಗೆ ನೆಲ ಸರಿದ ಹಾಗಾಯಿತು. ಆಮೇಲೆ ಆರ್‌ಎನ್‌ಎ ರಿಪೋರ್ಟ್ ತೋರಿಸಿದೆ. ಈಗ ಅದರ ಜೆರಾಕ್ಸ್ ಸದಾ ಪರ್ಸಿನಲ್ಲಿದೆ. ಆಂಟಿಬಾಡಿ ಇದೆ ಅಂತ ರಕ್ಷಣೆ ಇದೆ ಅಂದುಕೊಳ್ಳಬೇಡಿ, ಸೋಂಕು ಮತ್ತೆ ತಗಲಬಹುದು. ಇದಕ್ಕೆ ಲಸಿಕೆ ಇನ್ನೂ ಬಂದಿಲ್ಲ.

ಲೆಕ್ಕದ ಟೀಚರ್

ಹತ್ತು ದಿನ ಕಳೆದು ಬರೀತಿದ್ದೇನೆ. ಡಾಕ್ಟರು ಬೈಯಲಿಲ್ಲ. "ನಾನೇ ಬಿಡಿಸಿ ಕೇಳಬೇಕಿತ್ತು" ಅಂದರು. ನನಗೇ ನಾಚಿಕೆಯಾಯಿತು.

ಅಲ್ಸರ್ ಇರಲಿಲ್ಲವಾದ್ದರಿಂದ ಪ್ಯಾಂಟೊಪ್ರಜೋಲ್ ನಿಲ್ಲಿಸಿದರು. ಮೊದಲ ಐದು ದಿನ ಎದೆಯಲ್ಲಿ ಬೆಂಕಿ. ಬೆಳಿಗ್ಗೆ 8ಕ್ಕೆ ವೈರಸ್ ಮಾತ್ರೆ, ಮಧ್ಯಾಹ್ನದ ಮೇಲೆ ಬೇಕಾದರೆ ಮಾತ್ರ ಗುಲಾಬಿ ಬಾಟಲಿ. ಈಗ ಎರಡು ದಿನದಿಂದ ಬಾಟಲಿ ತೆಗೆದಿಲ್ಲ. ಆರು ವರ್ಷ ಸುಮ್ನೆ ನುಂಗಿದೆನಾ ಅನ್ನಿಸುತ್ತಿದೆ. ರೋಸುವಾಸ್ಟಾಟಿನ್ 10ಕ್ಕೆ ಇಳಿಯಿತು. ಡೈಕ್ಲೋಫೆನಾಕ್ ಕಸದ ಬುಟ್ಟಿಗೆ.

ಸರ್, ನೀವು ಹೇಳಿದ್ದಕ್ಕೆ ಫೈಲ್ ತೆಗೆದು ನೋಡಿದೆ. ಹೆಪಟೈಟಿಸ್ ಬಿ ಸರ್ಫೇಸ್ ಆಂಟಿಜೆನ್ ನೆಗೆಟಿವ್ ಇತ್ತು. ಕೋರ್ ಆಂಟಿಬಾಡಿ ಮಾಡಿಸಿಯೇ ಇರಲಿಲ್ಲ. ಕೇಳಿದೆ, ಮಾಡಿಸಿದರು, ಅದೂ ನೆಗೆಟಿವ್. ಬಿ ಲಸಿಕೆ ಹಾಕಿಸೋಣ ಅಂದಿದ್ದಾರೆ. ಮನೆಯವರದೂ ದೊಡ್ಡವನದೂ ಸಿ ಪರೀಕ್ಷೆ ಆಯಿತು, ಇಲ್ಲ. ಚಿಕ್ಕವಳು 1991ರಲ್ಲಿ ಹುಟ್ಟಿದವಳು, ನನಗೆ ರಕ್ತ ಹಾಕಿದಮೇಲೆ. ಅವಳದು ನಾಳೆ ಬರುತ್ತದೆ. ತಾಯಿಯಿಂದ ಬರೋದು ಕಡಿಮೆ ಅಂತ ಗೊತ್ತು, ಆದರೂ ಇವತ್ತು ಅಡುಗೆಗೆ ಎರಡು ಸಲ ಉಪ್ಪು ಹಾಕಿದೆ. ಮೊಮ್ಮಗಳನ್ನು ತೊಡೆ ಮೇಲೆ ಕೂರಿಸಿಕೊಂಡು ಒಂದೇ ತಟ್ಟೆಯಲ್ಲಿ ಉಣ್ಣಬಹುದು ಅಂದರು. ನೈಲ್ ಕಟರ್, ಹಲ್ಲುಜ್ಜುವ ಬ್ರಷ್ ಮಾತ್ರ ನನ್ನದು ಬೇರೆ.

12 ಸಾಲು, 7 ಮನೆ ಗೀಟು ಹಾಕಿದೆ. ಇವತ್ತಿಗೆ 14, ಎರಡು ಸಾಲು ಭರ್ತಿ. ಇನ್ನೊಂದು ಸಣ್ಣ ಪ್ರಶ್ನೆ, ನಗಬೇಡಿ. ಡಬ್ಬಿಯ ಬಾಯಲ್ಲಿ ಹತ್ತಿ ಇತ್ತು, ಒಳಗೆ ಒಂದು ಪುಟ್ಟ ಪೊಟ್ಟಣ ಇದೆ. ದಿನಾ ಎರಡನ್ನೂ ವಾಪಸ್ ತುರುಕುತ್ತಿದ್ದೇನೆ. ಬೇಕಾ?

ಔಷಧಿ ಅಂಗಡಿ ಹುಡುಗ

ಹತ್ತಿ ಬಿಸಾಡಿ ಟೀಚರ್. ಪೊಟ್ಟಣ ಒಳಗೇ ಇರಲಿ, ಅದು ತೇವ ಹೀರೋದಕ್ಕೆ. ಮುಚ್ಚಳ ಬಿಗಿಯಾಗಿ ಹಾಕಿ. ನಾಳೆ ಮಗಳ ರಿಪೋರ್ಟ್ ಬಂದ ತಕ್ಷಣ ಬರೆಯಿರಿ, ಕಾಯ್ತಿರ್ತೀವಿ.